ಲೋಟನ ಹೆಂಡತಿಯ ಪರವಾಗಿ ಕವಿತೆ ಬರೆದರೆ ತಪ್ಪಾ?

ಹಂಪನಕಟ್ಟೆ ಓದುಗಿ
ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಹೆಂಗಸರ ಕೂಟದಲ್ಲಿ ಮುಂದಿನ ತಿಂಗಳು ಕವಿತೆ ಓದುವ ಕಾರ್ಯಕ್ರಮ ಇದೆ. ಒಬ್ಬೊಬ್ಬರು ಬೈಬಲಿನ ಒಬ್ಬೊಬ್ಬ ಹೆಂಗಸಿನ ಮೇಲೆ ಬರೆದು ತರಬೇಕು. ಮರಿಯಮ್ಮ, ರೂತ್, ಎಸ್ತೇರ್ ಮೊದಲ ದಿನವೇ ಖಾಲಿ. ನಾನು ಲೋಟನ ಹೆಂಡತಿಯನ್ನು ತೆಗೆದುಕೊಂಡೆ.

ಕಥೆ ಗೊತ್ತಿಲ್ಲದವರಿಗೆ: ಆದಿಕಾಂಡ 19. ಸೊದೋಮ್ ಊರಿನ ಮೇಲೆ ಬೆಂಕಿ, ಗಂಧಕ ಸುರಿಯುವುದಿದೆ. ದೇವದೂತರು ಲೋಟ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಕೈಹಿಡಿದು ಊರಾಚೆ ತಂದು ಬಿಡುತ್ತಾರೆ. ಹಿಂದಕ್ಕೆ ನೋಡಬೇಡ ಅನ್ನುತ್ತಾರೆ. ಇವಳು ನೋಡುತ್ತಾಳೆ, ಉಪ್ಪಿನ ಕಂಬ ಆಗುತ್ತಾಳೆ. ಅಷ್ಟೇ. ಹೆಸರಿಲ್ಲ, ಒಂದು ಮಾತೂ ಇಲ್ಲ. ಯಾಕೆ ನೋಡಿದಳು ಅಂತಲೂ ಇಲ್ಲ.

ನಾನು ಅವಳೇ ಮಾತಾಡುವ ಹಾಗೆ ಬರೆದೆ. ಒಂದು ತುಣುಕು:

ಒಲೆ ಮೇಲೆ ಹಾಲಿತ್ತು. ಇಳಿಸಿದೆನೋ ಇಲ್ಲವೋ.
ದೊಡ್ಡವಳ ಮನೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು.
ಇವರ ಬೆನ್ನು ಮುಂದೆ ಮುಂದೆ ಹೋಗುತ್ತಿತ್ತು,
ಒಮ್ಮೆಯೂ ನನ್ನ ಹೆಸರು ಕೂಗಲಿಲ್ಲ.
ಕೂಗಿದ್ದರೆ ನಿಮಗೂ ಗೊತ್ತಿರುತ್ತಿತ್ತು ನನ್ನ ಹೆಸರು.

ಕೂಟದ ಹಿರಿಯರೊಬ್ಬರಿಗೆ ತೋರಿಸಿದೆ. "ವಚನದಲ್ಲಿ ಇಲ್ಲದ್ದನ್ನು ಸೇರಿಸಬಾರದು. ದೇವರ ಮಾತು ಮೀರಿದವಳಿಗೆ ನೀನ್ಯಾಕೆ ವಕಾಲತ್ತು?" ಅಂದರು. ನಿಮಗೇನನ್ನಿಸುತ್ತದೆ? ಬೇರೆ ಕವಿಗಳು ಇವಳ ಬಗ್ಗೆ ಬರೆದಿದ್ದಾರಾ?

ಸೀದಾಮಾತು
ಬರೀರಿ. ಊರ್ಮಿಳೆ, ಅಹಲ್ಯೆ ಪರವಾಗಿ ಎಷ್ಟು ಜನ ಬರೆದಿಲ್ಲ? ರಾಮಾಯಣ ಏನು ಕರಗಿಹೋಯಿತಾ?

ನಿವೃತ್ತ ಮೇಷ್ಟ್ರು
ಸೀದಾಮಾತು ಅವರೇ, ಅಷ್ಟು ಸುಲಭ ಅಲ್ಲ. ರಾಮಾಯಣವನ್ನು ಊರಿಗೊಂದು ಥರ ಹೇಳುವ ರೂಢಿ ನಮ್ಮಲ್ಲಿ ಮೊದಲಿಂದ ಇದೆ. ಚರ್ಚಿಗೆ ಹೋಗುವವರಿಗೆ ಬೈಬಲ್ ಹಾಗಲ್ಲ. ಆ ಹಿರಿಯರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ.

ಆದರೂ ಓದುಗಿ ಅವರ ಕೈಯಲ್ಲಿ ಒಂದು ಒಳ್ಳೆ ಉತ್ತರ ಇದೆ. ವಚನದಲ್ಲಿ ಇಲ್ಲದ್ದನ್ನು ಮೊದಲು ಸೇರಿಸಿದವರು ಇಂದಿನ ಕವಿಗಳಲ್ಲ, ಯೆಹೂದಿ ರಬ್ಬಿಗಳೇ. ಮಿದ್ರಾಷ್ ಅನ್ನುವ ವ್ಯಾಖ್ಯಾನ ಗ್ರಂಥಗಳಲ್ಲಿ ಇಂಥ ಖಾಲಿ ಜಾಗಗಳನ್ನು ತುಂಬುವುದೇ ಕೆಲಸ. ಅದರಲ್ಲೊಂದು 'ಪಿರ್ಕೇ ದ ರಬ್ಬಿ ಎಲಿಯೇಜರ್', ಸಾವಿರ ವರ್ಷಕ್ಕಿಂತ ಹಳೆಯದು. ಅಲ್ಲಿ ಅವಳಿಗೆ ಇದಿತ್ ಅಂತ ಹೆಸರಿದೆ. ಮದುವೆಯಾಗಿ ಸೊದೋಮಿನಲ್ಲೇ ಉಳಿದ ಹೆಣ್ಣುಮಕ್ಕಳು ಹಿಂದೆ ಬರುತ್ತಿದ್ದಾರಾ ಅಂತ ಕರುಳು ತಡೆಯದೆ ತಿರುಗಿ ನೋಡಿದಳು ಅಂತ ಅಲ್ಲಿ ಬರೆದಿದೆ. ನಿಮ್ಮ "ದೊಡ್ಡವಳ ಮನೆ" ಅಲ್ಲೂ ಇದೆ ಅಂದ ಹಾಗಾಯಿತು.

ಹಾಗಂತ ಎಲ್ಲ ರಬ್ಬಿಗಳೂ ಅವಳ ಕಡೆಯವರಲ್ಲ. ಆದಿಕಾಂಡದ ಇನ್ನೊಂದು ಮಿದ್ರಾಷ್ ಪ್ರಕಾರ ಮನೆಗೆ ದೇವದೂತರು ಬಂದಾಗ ಅವಳು ಅಕ್ಕಪಕ್ಕದ ಮನೆಗಳಿಗೆ ಹೋಗಿ "ನೆಂಟರು ಬಂದಿದ್ದಾರೆ, ಸ್ವಲ್ಪ ಉಪ್ಪು ಕೊಡಿ" ಅಂತ ಕೇಳಿದಳು. ಪರಊರಿನವರು ಬಂದ ಸುದ್ದಿ ಊರಿಗೆ ಗೊತ್ತಾಗಲಿ ಅಂತಲೇ ಹಾಗೆ ಮಾಡಿದಳು. ಉಪ್ಪಿನಿಂದ ತಪ್ಪು ಮಾಡಿದವಳಿಗೆ ಉಪ್ಪಿನಿಂದಲೇ ಶಿಕ್ಷೆ.

ಬಿಸಿಲುಮಚ್ಚು
ಉಪ್ಪು ಕೇಳಿದ್ದಕ್ಕೂ ಅವಳದ್ದೇ ತಪ್ಪು! ಮನೆಯಲ್ಲಿ ಉಪ್ಪು ಇಲ್ಲ ಅಂತ ಲೋಟನಿಗೆ ಗೊತ್ತಿರಲಿಲ್ವಾ?

ನಿವೃತ್ತ ಮೇಷ್ಟ್ರು
ಅದನ್ನು ರಬ್ಬಿಗಳನ್ನೇ ಕೇಳಬೇಕಮ್ಮ.

ನೇವಾ ತೀರ
ಅನ್ನಾ ಅಖ್ಮತೋವಾ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ! ರಷ್ಯಾದ ಕವಿ, 1889–1966. ಅವರ 'ಲೋಟನ ಹೆಂಡತಿ' ಕವಿತೆ 1922–24ರ ಹೊತ್ತಿನದ್ದು. ಹದಿನಾರೇ ಸಾಲು.

ಮುಂದೆ ದೇವದೂತ, ಹಿಂದೆ ಲೋಟ, ಕಪ್ಪು ಬೆಟ್ಟ ಹತ್ತುತ್ತಿದ್ದಾರೆ. ಹೆಂಡತಿಯ ಎದೆಯೊಳಗಿನ ತಳಮಳ ಜೋರಾಗಿ ಮಾತಾಡತೊಡಗುತ್ತದೆ. ಇನ್ನೂ ಹೊತ್ತು ಮೀರಿಲ್ಲ, ಈಗಲೂ ನೋಡಬಹುದು ಅನ್ನುತ್ತದೆ. ಏನನ್ನು ನೋಡುವುದು? ಹುಟ್ಟಿದೂರಿನ ಕೆಂಪು ಗೋಪುರಗಳನ್ನು. ಹಾಡಿದ ಚೌಕವನ್ನು. ನೂಲು ತೆಗೆದ ಅಂಗಳವನ್ನು. ಮಕ್ಕಳನ್ನು ಹೆತ್ತ ಮನೆಯ ಖಾಲಿ ಕಿಟಕಿಗಳನ್ನು. ಪಾಪಿಗಳ ಊರು ಅಂತ ಬೈಬಲ್ ಹೇಳುವ ಸೊದೋಮ್ ಇಲ್ಲಿ ಒಬ್ಬಳು ಬಾಳಿ ಬದುಕಿದ ಊರು, ಅಷ್ಟೇ. ಅವಳು ನೋಡುತ್ತಾಳೆ, ಉಪ್ಪಾಗುತ್ತಾಳೆ. ಕೊನೆಯ ನಾಲ್ಕು ಸಾಲಿನಲ್ಲಿ ಕವಿ ತಾವೇ ಮುಂದೆ ಬಂದು, ಇವಳಿಗಾಗಿ ಯಾರು ಅಳುತ್ತಾರೆ ಅಂತ ಕೇಳುತ್ತಾರೆ. ಒಂದು ನೋಟಕ್ಕೆ ಪ್ರಾಣ ಕೊಟ್ಟವಳನ್ನು ನನ್ನ ಮನಸ್ಸು ಮರೆಯುವುದಿಲ್ಲ ಅನ್ನುತ್ತಾರೆ.

ಕಾಲ ನೋಡಿ. ಅಖ್ಮತೋವಾರ ಮೊದಲ ಗಂಡ, ಕವಿ ಗುಮಿಲ್ಯೋವ್‌ರನ್ನು 1921ರಲ್ಲಿ ಗುಂಡಿಟ್ಟು ಕೊಂದಿದ್ದರು. ಅವರಿಬ್ಬರಿಗೆ ಆಗಲೇ ವಿಚ್ಛೇದನ ಆಗಿತ್ತು, ಅದು ಬೇರೆ ಮಾತು. ಗೆಳೆಯರು ಒಬ್ಬೊಬ್ಬರಾಗಿ ದೇಶ ಬಿಟ್ಟು ಹೋಗುತ್ತಿದ್ದರು. ಇವರು ಹೋಗಲಿಲ್ಲ. ಊರು ಉರಿಯುವಾಗ ತಿರುಗಿ ನೋಡುವುದು ಅಂದರೆ ಏನು ಅಂತ ಅವರಿಗೆ ಬೈಬಲ್ ಓದಿಯೇ ತಿಳಿಯಬೇಕಿರಲಿಲ್ಲ.

ತರ್ಕದ ಮನುಷ್ಯ
ಓದುಗಿ ಅವರೇ, ಒಂದು ಸಣ್ಣ ವಿಷಯ. 15ನೇ ವಚನದಲ್ಲೇ ಹೊತ್ತು ಮೂಡುತ್ತದೆ. ಲೋಟ ಓಡಿಹೋದ ಸಣ್ಣ ಊರು ಚೋಗರ್ ಮುಟ್ಟುವಾಗ ಸೂರ್ಯ ಹುಟ್ಟಿತ್ತು ಅಂತ 23ರಲ್ಲಿ ಇದೆ. ಹಿಂದಕ್ಕೆ ನೋಡಿದ್ದು 26ರಲ್ಲಿ. ಬೆಳಗಾದ ಮೇಲೆ ಬೆಟ್ಟದ ದಾರಿಯಿಂದ ದೀಪ ಹೇಗೆ ಕಾಣುತ್ತದೆ?

ಬಿಸಿಲುಮಚ್ಚು
ಹೆಂಗಸು ಉಪ್ಪಾಗಿದ್ದನ್ನು ಒಪ್ಪುತ್ತೀರಿ, ದೀಪ ಉರಿದದ್ದನ್ನು ಒಪ್ಪಲ್ಲ. ಭಲೇ.

ತರ್ಕದ ಮನುಷ್ಯ
ಪವಾಡ ಬೇರೆ, ಅಜಾಗರೂಕತೆ ಬೇರೆ. ಕೂಟದ ಹಿರಿಯರ ಕಣ್ಣಿಗೆ ಮೊದಲು ಬೀಳುವುದೇ ಇದು.

ವಿಸ್ತುಲಾ
ಆ ಬೆನ್ನಿನ ಸಾಲು ಓದಿ ನನಗೆ ಥಟ್ಟನೆ ನೆನಪಾದದ್ದು ಪೋಲೆಂಡಿನ ವಿಸ್ವಾವಾ ಷಿಂಬೋರ್ಸ್ಕಾ. 1996ರಲ್ಲಿ ನೊಬೆಲ್ ಬಂತಲ್ಲ, ಅವರೇ. 1976ರ ಸಂಕಲನದಲ್ಲಿ ಅವರದ್ದೂ ಒಂದು 'ಲೋಟನ ಹೆಂಡತಿ' ಇದೆ. ಅದು ಪೂರ್ತಿ 'ನಾನು'.

ಕುತೂಹಲಕ್ಕೆ ನೋಡಿದೆ ಅಂತ ಜನ ಹೇಳುತ್ತಾರೆ, ಬೇರೆ ಕಾರಣಗಳೂ ಇರಬಹುದಿತ್ತು ಅಂತ ಶುರು ಮಾಡಿ ಒಂದೊಂದೇ ಕಾರಣ ಕೊಡುತ್ತಾ ಹೋಗುತ್ತಾಳೆ. ಬಿಟ್ಟು ಬಂದ ಬೆಳ್ಳಿ ಬಟ್ಟಲಿನ ಆಸೆ. ಚಪ್ಪಲಿ ಪಟ್ಟಿ ಬಿಗಿಯುವಾಗ ಮೈಮರೆತದ್ದು. ಗಂಡನ ನೀತಿವಂತ ಕುತ್ತಿಗೆಯನ್ನು ನೋಡೀ ನೋಡೀ ಸಾಕಾಗಿದ್ದು. ನಾನು ಸತ್ತರೂ ಇವನು ನಿಲ್ಲುವುದಿಲ್ಲ ಅಂತ ಇದ್ದಕ್ಕಿದ್ದಂತೆ ಹೊಳೆದದ್ದು. ವಯಸ್ಸಾದ ಸುಸ್ತು. ದೇವರು ಮನಸ್ಸು ಬದಲಿಸಿರಬಹುದು ಅನ್ನುವ ಆಸೆ. ಊರಿನ ಗೋಡೆ ಮೇಲೆ ನಿಂತು ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾರೇನೋ ಅನ್ನುವ ಸಿಟ್ಟು. ಆಮೇಲೆ, ಇಲ್ಲ ಇಲ್ಲ, ಕಾಲಡಿ ಕಲ್ಲು ಜಾರಿ ತಿರುಗಿದ್ದು ಅನ್ನುತ್ತಾಳೆ. ಕೊನೆಗೆ ನೋಡಿದಳೋ ಇಲ್ಲವೋ ಅನ್ನುವುದೇ ಖಚಿತವಿಲ್ಲ. ಉಸಿರು ಕಟ್ಟಿ ಗಿರಗಿರ ತಿರುಗಿದಳು, ದೂರದಿಂದ ಕಂಡವರಿಗೆ ಕುಣಿದ ಹಾಗೆ ಕಂಡಿರಬಹುದು.

ನನಗೆ ಅಖ್ಮತೋವಾಗಿಂತ ಇದೇ ಜಾಸ್ತಿ ಇಷ್ಟ. ಅಖ್ಮತೋವಾ ಅವಳನ್ನು ಒಂದೇ ಏಟಿಗೆ ದೊಡ್ಡವಳನ್ನಾಗಿ ಮಾಡಿಬಿಡುತ್ತಾರೆ. ಷಿಂಬೋರ್ಸ್ಕಾ ಹಾಗೇ ಬಿಡುತ್ತಾರೆ. ಬೆಳ್ಳಿ ಬಟ್ಟಲಿಗೆ ಆಸೆಪಟ್ಟವಳೂ ಮನುಷ್ಯಳೇ ಅಲ್ವಾ?

ನೇವಾ ತೀರ
ದೊಡ್ಡವಳನ್ನಾಗಿ ಎಲ್ಲಿ ಮಾಡಿದರು? ನೂಲು ತೆಗೆದ ಅಂಗಳ, ಖಾಲಿ ಕಿಟಕಿ. ಇದಕ್ಕಿಂತ ಸಣ್ಣ ಸಂಗತಿ ಇನ್ನೇನು ಬೇಕು? ಷಿಂಬೋರ್ಸ್ಕಾ ಪಟ್ಟಿ ಓದಿದರೆ ನನಗೆ ಕವಿಯ ಜಾಣತನ ಕೇಳಿಸುತ್ತದೆ, ಓಡುತ್ತಿರುವವಳ ಏದುಸಿರು ಕೇಳಿಸುವುದಿಲ್ಲ.

ವಿಸ್ತುಲಾ
ಕೊನೆಯ ಹತ್ತು ಸಾಲು ಇನ್ನೊಮ್ಮೆ ಓದಿ. ಏದುಸಿರು ಅಲ್ಲೇ ಇದೆ.

ಬೆಳಗಿನ ಪ್ರಾರ್ಥನೆ
ನಾನು ಆ ಹಿರಿಯರ ಪಕ್ಷ. ಬೈಯುವ ಮೊದಲು ಪೂರ್ತಿ ಓದಿ.

ಲೂಕ 17ರಲ್ಲಿ ಯೇಸುಸ್ವಾಮಿ ಲೋಟನ ಹೆಂಡತಿಯನ್ನು ನೆನಪು ಮಾಡಿಕೊಳ್ಳಿರಿ ಅನ್ನುತ್ತಾರೆ. ಅದರ ಹಿಂದಿನ ವಚನ ನೋಡಿ. ಮಾಳಿಗೆ ಮೇಲಿದ್ದವನು ಸಾಮಾನು ತರಲು ಕೆಳಗಿಳಿಯಬಾರದು, ಹೊಲದಲ್ಲಿದ್ದವನು ಹಿಂದಿರುಗಬಾರದು. ಅಂದರೆ ಆ ನೋಟಕ್ಕೆ ಅರ್ಥ ಇದೆ. ಜೀವ ಉಳಿಸಲು ಬಂದ ಕೈ ಹಿಡಿದಿರುವಾಗ ಮನಸ್ಸು ಹಿಂದೆಯೇ ಉಳಿದರೆ ಏನಾಗುತ್ತದೆ ಅನ್ನುವ ಎಚ್ಚರಿಕೆ ಅದು. ಇಂದಿನ ಕವಿತೆಗಳಲ್ಲಿ ಅವಳು ಬರೀ ಬಲಿಪಶು, ದೇವರು ಬರೀ ಸರ್ವಾಧಿಕಾರಿ. ನೋಡಬೇಡ ಅನ್ನುವ ಮಾತಿಗೆ ತೂಕವೇ ಇಲ್ಲದಿದ್ದರೆ ಅವಳು ತಿರುಗಿ ನೋಡಿದ್ದಕ್ಕೆ ಏನು ಬೆಲೆ? ಬಸ್ಸಿನಲ್ಲಿ ಕೂತವರೂ ತಿರುಗಿ ನೋಡುತ್ತಾರೆ.

ಓದುಗಿ ಅವರ ತುಣುಕಿನಲ್ಲಿ ನನಗೆ ಕಂಡ ಕೊರತೆ ಅದೇ. ಹಾಲಿದೆ, ದೀಪ ಇದೆ, ಗಂಡನ ಬೆನ್ನಿದೆ. ಆಜ್ಞೆ ಎಲ್ಲಿ?

ನೇವಾ ತೀರ
ಈ ಮಾತು ಒಪ್ಪುತ್ತೇನೆ. ಅಖ್ಮತೋವಾ ಕವಿತೆ ನಿಂತಿರುವುದೇ ಇದರ ಮೇಲೆ. ಅವಳಿಗೆ ಬೆಲೆ ಗೊತ್ತಿತ್ತು, ಗೊತ್ತಿದ್ದೂ ಕೊಟ್ಟಳು.

ಸೀದಾಮಾತು
ಆಜ್ಞೆ ಅಂದಿರಲ್ಲ, ಅದನ್ನೂ ನೋಡೋಣ. 16ನೇ ವಚನದಲ್ಲಿ ತಡಮಾಡಿದ್ದು ಯಾರು? ಲೋಟ. ಬೆಟ್ಟಕ್ಕೆ ಓಡು ಅಂದರೆ "ಅಷ್ಟು ದೂರ ಆಗಲ್ಲ, ಹತ್ತಿರದ ಆ ಸಣ್ಣ ಊರಿಗೆ ಹೋಗ್ತೀನಿ" ಅಂತ ಚೌಕಾಸಿ ಮಾಡಿದ್ದು ಯಾರು? ಅವನೇ. ಅವನಿಗೆ ಏನೂ ಆಗಲಿಲ್ಲ. ಇನ್ನು 27, 28 ಓದಿ. ಬೆಳಿಗ್ಗೆ ಎದ್ದು ಅಬ್ರಹಾಮ ಸೊದೋಮಿನ ಕಡೆ ನೋಡುತ್ತಾನೆ, ಆವಿಗೆಯ ಹೊಗೆಯಂತೆ ಹೊಗೆ ಏಳುವುದನ್ನು ಕಣ್ತುಂಬ ನೋಡುತ್ತಾನೆ. ಅವನೂ ಉಪ್ಪಾಗಲಿಲ್ಲ. ಅವಳು ಕಂಬವಾದ ಎರಡೇ ವಚನ ಆದ ಮೇಲೆ!

ಬೆಳಗಿನ ಪ್ರಾರ್ಥನೆ
ಅಬ್ರಹಾಮನಿಗೆ ನೋಡಬೇಡ ಅಂತ ಹೇಳಿರಲಿಲ್ಲ.

ಸೀದಾಮಾತು
ಅವಳಿಗೆ ಹೇಳಿದ್ದರಾ? ದೂತ ಮಾತಾಡಿದ್ದು ಲೋಟನ ಜೊತೆ.

ಬೆಳಗಿನ ಪ್ರಾರ್ಥನೆ
ಪಕ್ಕದಲ್ಲೇ ಕೈಹಿಡಿದು ನಿಂತಿದ್ದಳು, ಕಿವಿ ಕೇಳಿಸುತ್ತಿರಲಿಲ್ಲವಾ? ವಾದಕ್ಕಾಗಿ ವಾದ ಬೇಡ.

ಘಟಪ್ರಭಾ
ನನಗೆ ಬೈಬಲ್ ಅಷ್ಟು ಗೊತ್ತಿಲ್ಲ. ಆದರೆ ಆ ಬೆಳ್ಳಿ ಬಟ್ಟಲು, ಅಂಗಳ ಅಂದಾಗ ನಮ್ಮ ಅಜ್ಜಿ ನೆನಪಾದರು. ಆಲಮಟ್ಟಿ ಹಿನ್ನೀರಿಗೆ ನಮ್ಮೂರು ಹೋಗುವಾಗ ಎಲ್ಲ ಸಾಮಾನು ಟ್ರ್ಯಾಕ್ಟರಿಗೆ ಹೇರಿ ಆಗಿತ್ತು. ಅಜ್ಜಿ ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ ಖಾಲಿ ಮನೆಯ ಕಸ ಗುಡಿಸುತ್ತಿದ್ದರು. ಪಡಸಾಲೆ, ಅಡಿಗೆಮನೆ, ದನದ ಕೊಟ್ಟಿಗೆ, ಎಲ್ಲ. "ನೀರಿಗೆ ಹೋಗೋ ಮನಿ ಯಾಕ ಗುಡಿಸ್ತಿ" ಅಂತ ಅಜ್ಜ ಬೈದರು. ಅಜ್ಜಿ ಕಸಬರಿಗೆ ಮೂಲೆಗಿಟ್ಟು, ಬಾಗಿಲು ಎಳೆದು ಚಿಲಕ ಹಾಕಿ ಬಂದರು.

ತರ್ಕದ ಮನುಷ್ಯ
ಚೆನ್ನಾಗಿದೆ, ಆದರೆ ಅಣೆಕಟ್ಟು ಬೇರೆ, ದೇವರ ಶಿಕ್ಷೆ ಬೇರೆ. ನಿಮ್ಮೂರಿನವರು ಯಾವ ತಪ್ಪೂ ಮಾಡಿರಲಿಲ್ಲ.

ಘಟಪ್ರಭಾ
ಸೊದೋಮಿನಲ್ಲಿ ತೊಟ್ಟಿಲ ಕೂಸುಗಳು ಏನು ಮಾಡಿದ್ದವು?

ನಿವೃತ್ತ ಮೇಷ್ಟ್ರು
ಸೊದೋಮಿನ ಪಾಪ ಯಾವುದು ಅನ್ನುವುದಕ್ಕೂ ಬೈಬಲಿನೊಳಗೇ ಒಂದಕ್ಕಿಂತ ಹೆಚ್ಚು ಉತ್ತರ ಇದೆ. ಯೆಹೆಜ್ಕೇಲ 16:49 ನೋಡಿ. ಸೊಕ್ಕು, ಹೊಟ್ಟೆ ತುಂಬಿದ ನೆಮ್ಮದಿ, ಬಡವರಿಗೆ ಕೈನೀಡದೆ ಇದ್ದದ್ದು. ಜನ ಸಾಮಾನ್ಯವಾಗಿ ಈ ವಚನ ಹೇಳುವುದೇ ಇಲ್ಲ.

ಕುಮಟಾ ಕಡೆಯವ
ಆ ಕಂಬ ಈಗಲೂ ಇದೆಯಂತೆ, ಹೌದಾ?

ನಿವೃತ್ತ ಮೇಷ್ಟ್ರು
ಮೃತ ಸಮುದ್ರದ ದಂಡೆಯಲ್ಲಿ ಸೊದೋಮ್ ಬೆಟ್ಟ ಅಂತ ಇದೆ, ಬಹುಪಾಲು ಕಲ್ಲುಪ್ಪೇ. ಅಲ್ಲಿ ಬೇರ್ಪಟ್ಟು ನಿಂತ ಒಂದು ಕಂಬಕ್ಕೆ ಲೋಟನ ಹೆಂಡತಿ ಅಂತ ಹೆಸರು, ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಾರೆ. ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ ಕೂಡ "ಆ ಕಂಬವನ್ನು ನಾನು ನೋಡಿದ್ದೇನೆ" ಅಂತ ಬರೆದಿದ್ದಾನೆ. ಅವನು ನೋಡಿದ್ದು ಯಾವ ಕಂಬವೋ.

ಕುಮಟಾ ಕಡೆಯವ
ನಮ್ಮ ಸಾಣಿಕಟ್ಟೆ ಆಗರದಲ್ಲಿ ಬೇಸಿಗೆಯಲ್ಲಿ ಉಪ್ಪಿನ ರಾಶಿ ಸಾಲಾಗಿ ನಿಂತಿರುತ್ತದೆ. ಇನ್ನು ಅತ್ತ ಹೋದಾಗ ಸುಮ್ನೆ ನೋಡಿಕೊಂಡು ಬರಲಾಗುವುದಿಲ್ಲ ನೋಡಿ. ಎಲ್ಲ ನಿಮ್ಮಿಂದ.

ಉಳ್ಳಾಲದ ಅಲೆ
ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ಲೂತ್ ನಬಿಯವರ ಹೆಂಡತಿ ಹಿಂದೆಯೇ ಉಳಿದವರಲ್ಲಿ ಒಬ್ಬಳು. ಕುರ್‌ಆನಿನಲ್ಲಿ ಉಪ್ಪಿನ ಕಂಬದ ಮಾತಿಲ್ಲ. 66ನೇ ಸೂರಾದಲ್ಲಿ ನೂಹರ (ಬೈಬಲಿನ ನೋಹ) ಹೆಂಡತಿ, ಲೂತರ ಹೆಂಡತಿ ಇಬ್ಬರನ್ನೂ ಗಂಡಂದಿರಿಗೆ ದ್ರೋಹ ಬಗೆದವರು ಅಂತ ಒಟ್ಟಿಗೆ ಹೇಳಿದೆ. ಅದರ ಮುಂದಿನ ಆಯತ್ತಿನಲ್ಲೇ ಈಜಿಪ್ಟಿನ ದೊರೆ ಫಿರ್‌ಔನನ ಹೆಂಡತಿಯನ್ನು ನಂಬಿಕೆಯ ಮಾದರಿಯಾಗಿ ಕೊಟ್ಟಿದೆ. ಹೆಂಗಸಿನ ಒಳಿತು ಕೆಡುಕು ಗಂಡನ ಲೆಕ್ಕಕ್ಕೆ ಸೇರುವುದಿಲ್ಲ, ಅವಳದ್ದು ಅವಳಿಗೆ ಅಂತ ನಾನು ಓದಿಕೊಂಡಿದ್ದೇನೆ.

ಬಿಸಿಲುಮಚ್ಚು
ಎಲ್ಲರೂ ಹೆಂಡತಿಯನ್ನೇ ಹಿಡಿದುಕೊಂಡಿದ್ದೀರಿ. ನಾನು ಬರೆಯುವುದಾದರೆ ಆ ಇಬ್ಬರು ಹೆಣ್ಣುಮಕ್ಕಳ ಬಗ್ಗೆ ಬರೆಯುತ್ತೇನೆ. 8ನೇ ವಚನ. ಊರಿನ ಗಂಡಸರು ಬಾಗಿಲು ಬಡಿಯುವಾಗ ಲೋಟ ಹೊರಗೆ ಬಂದು, ನನಗೆ ಇಬ್ಬರು ಮಗಳಂದಿರಿದ್ದಾರೆ, ಅವರನ್ನು ಬೇಕಾದ ಹಾಗೆ ಮಾಡಿಕೊಳ್ಳಿ, ನನ್ನ ಅತಿಥಿಗಳನ್ನು ಮುಟ್ಟಬೇಡಿ ಅನ್ನುತ್ತಾನೆ. ಬಾಗಿಲಿನ ಆಚೆ ಆ ಹುಡುಗಿಯರು ಕೇಳಿಸಿಕೊಳ್ಳುತ್ತಿದ್ದರು. ತಾಯಿಯೂ ಕೇಳಿಸಿಕೊಳ್ಳುತ್ತಿದ್ದಳು. ಮರುದಿನ ಬೆಳಿಗ್ಗೆ ಅದೇ ಮನುಷ್ಯನ ಹಿಂದೆ ಮೂವರೂ ನಡೆಯಬೇಕು. ಹಾಲು ದೀಪ ಎಲ್ಲ ಬಿಡಿ, ಕವಿತೆ ಇಲ್ಲಿದೆ.

ವಿಸ್ತುಲಾ
ಇದು. ಬೆನ್ನಿನ ಸಾಲಿಗೆ ಇದನ್ನು ಜೋಡಿಸಿ ಓದಿ. ಆ ಬೆನ್ನು ಯಾಕೆ ಸಹಿಸಲಾಗುವುದಿಲ್ಲ ಅಂತ ಗೊತ್ತಾಗುತ್ತದೆ.

ಬೆಳಗಿನ ಪ್ರಾರ್ಥನೆ
ಲೋಟ ಮಾಡಿದ್ದು ಸರಿ ಅಂತ ನಮ್ಮ ಯಾವ ಪಾಸ್ಟರೂ ಹೇಳುವುದಿಲ್ಲ. ಮುಂದೆ ಗವಿಯಲ್ಲಿ ಮಗಳಂದಿರು ಅವನಿಗೆ ಕುಡಿಸಿ ಅವನಿಂದಲೇ ಮಕ್ಕಳನ್ನು ಪಡೆದದ್ದೂ ಅದೇ ಅಧ್ಯಾಯದಲ್ಲಿದೆ. ಆ ವಂಶದಿಂದ ಮೋವಾಬ್, ಮೋವಾಬಿನಿಂದ ರೂತ್, ರೂತಳಿಂದ ದಾವೀದ. ಕೂಟದಲ್ಲಿ ರೂತ್ ಬಗ್ಗೆ ಓದುವವರಿಗೆ ಇದನ್ನು ಹೇಳಿ.

ಹಂಪನಕಟ್ಟೆ ಓದುಗಿ
ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಷಿಂಬೋರ್ಸ್ಕಾ ನಿನ್ನೆ ರಾತ್ರಿ ಓದಿದೆ. ಆ ಕುತ್ತಿಗೆಯ ಸಾಲು ನೋಡಿ ಬೇಜಾರೂ ಆಯಿತು, ಖುಷಿಯೂ ಆಯಿತು. ಬೆನ್ನನ್ನು ಬಿಡುವುದಿಲ್ಲ. ಹಿಂದೆ ನಡೆಯುವವರಿಗೆ ಕಾಣುವುದೇ ಅದು.

ಈಗ ಇರುವ ಗೊಂದಲ ಬೇರೆ. 'ನಾನು' ಅಂತ ಇಡಲಾ, 'ಅವಳು' ಅಂತ ಬದಲಿಸಲಾ? ಅಖ್ಮತೋವಾ 'ಅವಳು' ಅಂತಲೇ ಬರೆದೂ ಅವಳ ಕಡೆ ನಿಂತಿದ್ದಾರೆ.

ತೆಂಕಣದ ಗಾಳಿ
'ನಾನು' ಅಂದ ಮಾತ್ರಕ್ಕೆ ಹೆಣ್ಣಿನ ದನಿ ಬರುವುದಿಲ್ಲ. ನ್ಯಾಯಸ್ಥಾಪಕರು 5, ದೆಬೋರಳ ಹಾಡು ಓದಿ. ಹೆಂಗಸಿನ ಹೆಸರಿನಲ್ಲಿರುವ ಹಾಡು. ಶತ್ರು ಸೇನಾಪತಿ ಸೀಸೆರ ಸತ್ತಿದ್ದಾನೆ. ಅವನ ತಾಯಿ ಕಿಟಕಿಯಲ್ಲಿ ನಿಂತು, ರಥ ಯಾಕಿನ್ನೂ ಬರಲಿಲ್ಲ ಅಂತ ಕಾಯುತ್ತಾಳೆ. ಜೊತೆಗಿರುವ ಹೆಂಗಸರು ಸಮಾಧಾನ ಹೇಳುತ್ತಾರೆ: ಕೊಳ್ಳೆ ಹಂಚುತ್ತಿರಬೇಕು, ತಲೆಗೊಂದೋ ಎರಡೋ ಹುಡುಗಿಯರು ಸಿಕ್ಕಿರಬೇಕು. ಹಾಡುವವಳೂ ಹೆಣ್ಣು, ಕಾಯುವವಳೂ ಹೆಣ್ಣು, ಕೊಳ್ಳೆಯಾದವರೂ ಹೆಣ್ಣು. ಯಾರ ಕಣ್ಣಿನಿಂದ ನೋಡುತ್ತೀರಿ? ಒಂದೇ ಒಂದು 'ಹೆಣ್ಣಿನ ದೃಷ್ಟಿ' ಅಂತ ಇಲ್ಲವೇ ಇಲ್ಲ.

ಇನ್ನೊಂದು ವಿಷಯ. ಇದನ್ನೆಲ್ಲ ಹೊಸ ಫ್ಯಾಷನ್ ಅನ್ನುವವರಿಗೆ ಹೇಳಿ. ಇಂಗ್ಲೆಂಡಿನ ಎಮಿಲಿಯಾ ಲಾನ್ಯರ್ 1611ರಲ್ಲೇ ಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ, ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಪತಿ ಪಿಲಾತನ ಹೆಂಡತಿ ಗಂಡನಿಗೆ, ಯೇಸುವನ್ನು ಕೊಲ್ಲಿಸಬೇಡ ಅನ್ನುತ್ತಾ ಹವ್ವಳ ಪರವಾಗಿ ವಾದ ಮಾಡುತ್ತಾಳೆ. ಹಣ್ಣು ತಿಂದದ್ದು ನಮ್ಮ ತಪ್ಪಾದರೆ ದೇವಕುಮಾರನನ್ನು ಕೊಲ್ಲುವುದು ನಿಮ್ಮದು, ಯಾವುದು ದೊಡ್ಡದು ಅನ್ನುವ ಧಾಟಿ. ಬೈಬಲಿನಲ್ಲಿ ಇವಳಿಗಿರುವುದು ಮತ್ತಾಯ 27:19 ಒಂದೇ, ಒಂದು ಕನಸಿನ ಸುದ್ದಿ.

ವಿಸ್ತುಲಾ
ಬ್ರಿಟನ್ನಿನ ಕವಿ ಕೆರೊಲ್ ಆನ್ ಡಫಿಯ 1999ರ ಸಂಕಲನದಲ್ಲೂ ಪಿಲಾತನ ಹೆಂಡತಿ, ದೆಲೀಲಾ, ಸಲೋಮೆ, ಲಾಜರನ ಹೆಂಡತಿ ಎಲ್ಲ ಇದ್ದಾರೆ. ನನಗೆ ಅದರಲ್ಲಿ ಲಾಜರನ ಹೆಂಡತಿ ಇಷ್ಟ. ಅತ್ತು, ಮರೆತು, ಬೇರೊಬ್ಬನ ಜೊತೆ ಬದುಕು ಶುರು ಮಾಡಿದ ಮೇಲೆ ಸತ್ತ ಗಂಡ ಎದ್ದು ಬಂದರೆ? ಮಿಕ್ಕವು ಕೆಲವು ಬರೀ ಚಟಾಕಿ.

ಮಂಜೇಶ್ವರದ ಮಾವ
ನಮ್ಮ ಕಡೆಯದನ್ನೂ ಹೇಳಿ ಮಾರಾಯ್ರೆ. ಗೋವಿಂದ ಪೈಗಳು 'ಗೊಲ್ಗೊಥಾ' ಬರೆದರಲ್ಲ, ಯೇಸುವಿನ ಕೊನೆಯ ದಿನದ ಮೇಲೆ. ಮಲಯಾಳದಲ್ಲಿ ವಳ್ಳತ್ತೋಳರು 1921ರಲ್ಲೇ 'ಮಗ್ದಲನ ಮರಿಯಂ' ಬರೆದಿದ್ದಾರೆ. ಇಬ್ಬರೂ ಕ್ರೈಸ್ತರಲ್ಲ. ಆಗ ಯಾರೂ ಅವರನ್ನು ತಡೆಯಲಿಲ್ಲ.

ತೆಂಕಣದ ಗಾಳಿ
ಮಾವ, ಗೌರವದಿಂದಲೇ ಹೇಳುತ್ತೇನೆ. ಗೊಲ್ಗೊಥಾದಲ್ಲಿ ಕಣ್ಣು ಕ್ರಿಸ್ತನ ಮೇಲೆ. ವಳ್ಳತ್ತೋಳರ ಮರಿಯಂ ಕಥಾನಾಯಕಿ ಹೌದು, ಆದರೆ ಕಾಲಿಗೆ ಬಿದ್ದು ಕ್ಷಮೆ ಪಡೆಯುವ ಚೆಲುವೆ. ಅವಳನ್ನು ಹೊರಗಿನಿಂದ ನೋಡುತ್ತೇವೆ. ಓದುಗಿ ಅವರು ಮಾಡಲು ಹೊರಟಿರುವುದು ಅದಲ್ಲ.

ಮಂಜೇಶ್ವರದ ಮಾವ
ಆಯ್ತಪ್ಪ. ಆದರೂ ಒಮ್ಮೆ ಓದು, ನಷ್ಟ ಇಲ್ಲ.

ನೇವಾ ತೀರ
ಓದುಗಿ ಅವರೇ, 'ನಾನು' ಇಡಿ. "ಕೂಗಿದ್ದರೆ ನಿಮಗೂ ಗೊತ್ತಿರುತ್ತಿತ್ತು ನನ್ನ ಹೆಸರು" ಅನ್ನುವ ಸಾಲು 'ಅವಳು' ಅಂದರೆ ಸತ್ತೇ ಹೋಗುತ್ತದೆ. ಹಾಲಿನ ಸಾಲು ತೆಗೆಯಿರಿ, ಅದು ಎಲ್ಲ ಮನೆಯಲ್ಲೂ ಇದೆ. ಬೆಳಗಿನ ಪ್ರಾರ್ಥನೆಯವರು ಹೇಳಿದ ಆಜ್ಞೆ ಆ ಜಾಗಕ್ಕೆ ಬರಲಿ.

ತರ್ಕದ ಮನುಷ್ಯ
ದೀಪದ ಬದಲು ಹಗ್ಗದ ಮೇಲಿನ ಬಟ್ಟೆ ಇಡಬಹುದು. ಹಗಲಲ್ಲೂ ಕಾಣುತ್ತದೆ.

ಬೆಳಗಿನ ಪ್ರಾರ್ಥನೆ
ಬಟ್ಟೆ ಚೆನ್ನಾಗಿದೆ. ಕೂಟದಲ್ಲಿ ಓದುವ ಮೊದಲು ಅಧ್ಯಾಯ 19 ಪೂರ್ತಿ ಯಾರಾದರೂ ಓದಲಿ, 8ನೇ ವಚನ ಬಿಡದೆ. ಆಮೇಲೆ ಕವಿತೆ. ಆ ಹಿರಿಯರಿಗೂ ಆಕ್ಷೇಪ ಇರಲಿಕ್ಕಿಲ್ಲ.

ಹಂಪನಕಟ್ಟೆ ಓದುಗಿ
ಬಟ್ಟೆ ತೆಗೆದುಕೊಂಡೆ. ಅಧ್ಯಾಯ ಓದುವ ಕೆಲಸ ಅವರಿಗೇ ಒಪ್ಪಿಸುತ್ತೇನೆ, ದನಿ ಚೆನ್ನಾಗಿದೆ ಅವರದ್ದು.

ಉಳ್ಳಾಲದ ಅಲೆ
ನಿಮ್ಮ ಕೂಟದಲ್ಲಿ ಹಾಗರಳನ್ನು ಯಾರೂ ತೆಗೆದುಕೊಂಡಿಲ್ವಾ? ಅಬ್ರಹಾಮನ ಹೆಂಡತಿ ಸಾರಳ ದಾಸಿ, ಅಬ್ರಹಾಮನಿಗೆ ಮಗನನ್ನು ಹೆತ್ತವಳು. ನಮ್ಮ ಹಾಜರಾ ಬೀವಿ. ಆದಿಕಾಂಡ 16ರಲ್ಲಿ ದೇವರಿಗೇ ಹೆಸರಿಟ್ಟವಳು. 21ರಲ್ಲಿ ನೀರು ಮುಗಿದು, ಮಗುವನ್ನು ಪೊದೆಯಡಿ ಮಲಗಿಸಿ, ಅದು ಸಾಯುವುದನ್ನು ನೋಡಲಾರೆ ಅಂತ ಬಾಣ ಬೀಳುವಷ್ಟು ದೂರ ಹೋಗಿ ಕೂರುತ್ತಾಳೆ. ನಮ್ಮ ಕಥೆಯಲ್ಲಿ ಅವಳು ಕೂರುವುದಿಲ್ಲ, ಸಫಾ ಮರ್ವಾ ಬೆಟ್ಟಗಳ ನಡುವೆ ಏಳು ಸಲ ನೀರಿಗಾಗಿ ಓಡುತ್ತಾಳೆ. ಹಜ್ಜಿಗೆ ಹೋದ ಗಂಡಸರೂ ಇವತ್ತಿಗೂ ಆ ದಾರಿಯಲ್ಲಿ ನಡೆಯಬೇಕು.

ಬಿಸಿಲುಮಚ್ಚು
ಹಾಗಾದರೆ ಸಾರಳ ಕಡೆಯಿಂದ ಬರೆಯುವವರು ಯಾರು? ಹಾಗರಳನ್ನು ಹೊರಗೆ ಹಾಕಿಸಿದ್ದು ಅವಳೇ ಅಲ್ವಾ?

ಸೀದಾಮಾತು
ಹೊರಗೆ ಹಾಕಿದ್ದು ಅಬ್ರಹಾಮ. ಮತ್ತೆ ಹೆಂಗಸಿನ ಮೇಲೆ ಹಾಕಬೇಡಿ.

ನಿವೃತ್ತ ಮೇಷ್ಟ್ರು
ಹಾಗರ್, ಸಾರಾ ಜಗಳ ಇಲ್ಲಿ ಬೇಡ, ಹೊಸದಾಗಿ ಶುರು ಮಾಡಿ. ಅಲ್ಲಿಗೆ ನಾನೂ ಬರುತ್ತೇನೆ.